ಮೇಡಂ ಅವರ ತಿಗಣೆ

ಭೂದಾಖಲೆ ಕಚೇರಿಯ ನಕ್ಷೆ ವಿಭಾಗದ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ಕಚೇರಿಯಲ್ಲೂ, ಅವರು ಬಾಡಿಗೆಗಿದ್ದ ಮೂರು ಮಹಡಿಯ ಕಟ್ಟಡದಲ್ಲೂ ಅವರು ‘ಅದೇನಂದ್ರೆ’. ಯಾರು ಏನು ಕೇಳಿದರೂ, ಗಂಟೆ ಎಷ್ಟೆಂದು ಕೇಳಿದರೂ, ಅವರ ಉತ್ತರ “ಅದೇನಂದ್ರೆ” ಎಂದೇ ಶುರುವಾಗುತ್ತಿತ್ತು. ಗೊತ್ತಿರುವ ವಿಷಯವಾದರೆ ವಿವರಣೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಗೊತ್ತಿಲ್ಲದ ವಿಷಯವಾದರೆ ಕೇಳಿದವರು ಕುರ್ಚಿ ಎಳೆದುಕೊಳ್ಳುವುದು ಕ್ಷೇಮ.

ಈಗ ಹೇಳಹೊರಟಿರುವ ಅನಾಹುತಕ್ಕೂ ಅವರ ಬಾಯೇ ಕಾರಣ.

ಅವರ ಮೇಲಧಿಕಾರಿ ಒಬ್ಬ ಮೇಡಂ. ಹೆಚ್ಚು ಮಾತಿಲ್ಲದ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಅವರ ಕೋಣೆಯ ಕಿಟಕಿಯಲ್ಲಿ ಮಣ್ಣಿನ ಕುಂಡದಲ್ಲೊಂದು ದಾಸವಾಳದ ಗಿಡ. ಮೇಡಂ ಮೊದಲ ಸಲ ಕೆಲಸಕ್ಕೆ ಸೇರಿದ ಊರಿನಿಂದ ಅದರ ಕಡ್ಡಿ ತಂದು ನೆಟ್ಟದ್ದಂತೆ. ಏಳು ವರ್ಗಾವಣೆಯಲ್ಲೂ ಫೈಲು ಬಿಟ್ಟು ಬಂದರೂ ಅದನ್ನು ಬಿಟ್ಟು ಬಂದಿಲ್ಲವಂತೆ. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಇದು. ಆ ಗಿಡದ ಮುಂದೆ ಯಾರೂ ಜೋರಾಗಿ ಕೆಮ್ಮುತ್ತಲೂ ಇರಲಿಲ್ಲ.

ಅಕ್ಕನ ಮಂಡಿ ಆಪರೇಷನ್ನಿಗೆಂದು ಮೇಡಂ ಮೂರು ವಾರ ರಜೆ ಹಾಕಿದರು. ಹೊರಡುವ ದಿನ ತಮ್ಮ ದಫೇದಾರನನ್ನು ಕರೆದು, “ಗಿಡಕ್ಕೆ ದಿನಾ ಒಂದು ಚೊಂಬು ನೀರು ಹಾಕು, ಮರೀಬೇಡ” ಎಂದರು. ಅಲ್ಲಿಗೆ ವಿಷಯ ಮುಗಿದಿತ್ತು. ಆದರೆ ಸಹಿಗೆ ಫೈಲು ಹಿಡಿದು ನಿಂತಿದ್ದ ನಮ್ಮ ಗುಮಾಸ್ತರ ಬಾಯಿ ಸುಮ್ಮನಿರಬೇಕಲ್ಲ!

“ಅದೇನಂದ್ರೆ ಮೇಡಂ, ನೀರು ಹಾಕೋದು ಬೇರೆ, ಗಿಡದ ಮನಸ್ಸು ತಿಳಿಯೋದು ಬೇರೆ.”

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ನಿಮಗೆ ತಿಳಿಯುತ್ತಾ?”

ಬುದ್ಧಿ ಇದ್ದವನು ಇಲ್ಲಿ ‘ಇಲ್ಲ’ ಎನ್ನುತ್ತಾನೆ.

“ನಮ್ಮ ಮನೇಲಿ ಗಿಡಗಳು ಅಂದ್ರೆ…” ಎಂದು ಗುಮಾಸ್ತರು ನಕ್ಕು ವಾಕ್ಯವನ್ನು ಅರ್ಧಕ್ಕೇ ಬಿಟ್ಟರು. ಪೂರ್ತಿ ಮಾಡಿದ್ದರೆ ಅದು ‘ಉಳಿದದ್ದೇ ಇಲ್ಲ’ ಎಂದಾಗಬೇಕಿತ್ತು. ನೀರೇ ಬೇಡದ ಪಾಪಾಸುಕಳ್ಳಿಯನ್ನು ನೀರು ಹಾಕಿ ಕೊಳೆಸಿ, ನೀರಿನಲ್ಲೇ ಬದುಕುವ ಬಳ್ಳಿಯನ್ನು ಒಣಗಿಸಿದ ಮನುಷ್ಯ ಅವರು. ಮೇಡಂ ಮಾತ್ರ ಆ ಅರ್ಧ ವಾಕ್ಯವನ್ನು ತಮಗೆ ಬೇಕಾದಂತೆ ಪೂರ್ತಿ ಮಾಡಿಕೊಂಡರು. “ಹಾಗಾದ್ರೆ ನೀವೇ ಮನೆಗೆ ತಗೊಂಡು ಹೋಗಿ. ನಾನು ಬರೋವರೆಗೆ ನಿಮ್ಮ ಜವಾಬ್ದಾರಿ.”

ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅದನ್ನು ಕುಂಡದ ಸಮೇತ ಮನೆಗೆ ಹೊತ್ತು ತಂದವರು ಲೋಕದಲ್ಲಿ ಇವರೊಬ್ಬರೇ ಇರಬೇಕು.

ಬಾಗಿಲು ತೆರೆದ ಹೆಂಡತಿ, ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವರು, ಕುಂಡವನ್ನೂ ಗಂಡನನ್ನೂ ಒಮ್ಮೆ ನೋಡಿ, “ಪಾಪ, ಏನು ತಪ್ಪು ಮಾಡಿತ್ತು ಇದು?” ಎಂದರು.

ಅತ್ತೆ ಒಳಗಿಂದ ಬಂದರು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ನಿವೃತ್ತರಾದವರು. ಯಾರನ್ನು ಕಂಡರೂ ಮೊದಲು ನಾಲಗೆ ನೋಡುವವರು. ಗಿಡಕ್ಕೆ ನಾಲಗೆ ಇಲ್ಲದ್ದರಿಂದ ಎಲೆ ಎತ್ತಿ ನೋಡಿದರು. “ನನ್ನ ಮಂಚದ ಪಕ್ಕದ ಕಿಟಕೀಲಿಡಿ. ಬೆಳಿಗ್ಗೆ ಬಿಸಿಲು ಬರುತ್ತೆ” ಎಂದರು.

ನಾಲ್ಕು ದಿನ ಎಲ್ಲ ನೆಟ್ಟಗಿತ್ತು. ಐದನೆಯ ದಿನ, ಶನಿವಾರ, ಗಿಡದ ಗೆಣ್ಣುಗಳ ಸಂದಿನಲ್ಲಿ ಹತ್ತಿಯ ಚೂರಿನಂಥದ್ದು ಕಂಡಿತು. ಗುಮಾಸ್ತರು ಹಳೆಯ ನಕ್ಷೆಗಳಲ್ಲಿ ಗಡಿಗೆರೆ ಹುಡುಕುವ ಭೂತಗನ್ನಡಿಯನ್ನು ಬ್ಯಾಗಿನಿಂದ ತೆಗೆದು ಹಿಡಿದರು. ಹತ್ತಿ ನಡೆಯುತ್ತಿತ್ತು.

“ಅತ್ತೇ, ಹತ್ತಿಗೆ ಕಾಲಿದೆ!”

ಅತ್ತೆ ಕನ್ನಡಿ ಕಸಿದುಕೊಂಡು ನೋಡಿದರು. “ಕಾಲಲ್ಲ ಅಳಿಯಂದ್ರೇ, ಸಂಸಾರವೇ ಇದೆ.”

ಒಂದು ಎಲೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಗುಮಾಸ್ತರು ಬೀಜ–ಗೊಬ್ಬರದ ಅಂಗಡಿಗೆ ಓಡಿದರು. ಅಂಗಡಿಯವನು ಡಬ್ಬಿಯ ಮುಚ್ಚಳ ಅರ್ಧ ತೆಗೆದು, ಮತ್ತೆ ಮುಚ್ಚಿ, “ಹಿಟ್ಟು ತಿಗಣೆ” ಎಂದ.

“ತಿಗಣೆ ಅಂದ್ರೆ ಹಾಸಿಗೇಲಿ ಇರೋದಲ್ವಾ?”

“ಅದು ಬೇರೆ ಸಾರ್, ಇದು ಬೇರೆ. ಅದು ಮನುಷ್ಯರ ರಕ್ತ ಹೀರುತ್ತೆ, ಇದು ಗಿಡದ ರಸ ಹೀರುತ್ತೆ. ಮೈಗೆ ಹಿಟ್ಟು ಬಳಕೊಂಡ ಹಾಗೆ ಇರುತ್ತಲ್ಲ, ಅದಕ್ಕೆ ಹಿಟ್ಟು ತಿಗಣೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ. ಬೇವಿನೆಣ್ಣೆ ಸೋಪಿನ ನೀರು ಸಿಂಪಡಿಸಿ. ಬೇರೆ ಗಿಡಕ್ಕೆ ತಾಗದ ಹಾಗೆ ಇಡಿ.”

ಇಷ್ಟಕ್ಕೆ ಮನೆಗೆ ಬರಬೇಕಾದವರು ಮುಕ್ಕಾಲು ಗಂಟೆ ನಿಂತು ಕೇಳಿದರು: ಹಿಟ್ಟು ಎಲ್ಲಿಂದ ಬರುತ್ತೆ, ಗಂಡು ಯಾವುದು, ಹೆಣ್ಣು ಯಾವುದು, ಇರುವೆಗಳು ಯಾಕೆ ಸುತ್ತ ಇವೆ. “ಅದರ ಹಿಂದಿನಿಂದ ಸಿಹಿ ನೀರು ಬರುತ್ತೆ, ಇರುವೆ ಕುಡಿಯುತ್ತೆ. ಹಸು ಕಾದ ಹಾಗೆ ಕಾಯುತ್ತೆ” ಎಂದ ಅಂಗಡಿಯವನು, ಮುಂದಿನ ಪ್ರಶ್ನೆ ಬರುವ ಮೊದಲು ಊಟಕ್ಕೆಂದು ಅರ್ಧ ಬಾಗಿಲು ಎಳೆದುಕೊಂಡ.

ಇರುವೆ ಹಾಲು ಕರೆಯುತ್ತದೆ! ಐವತ್ತೆರಡು ವರ್ಷ ಬದುಕಿ ಇದು ತನಗೆ ಗೊತ್ತಿರಲಿಲ್ಲವಲ್ಲ ಎಂಬ ಬೆರಗಿನಲ್ಲೇ ಗುಮಾಸ್ತರು ಮನೆ ತಲುಪಿ, ಮೆಟ್ಟಿಲ ಬುಡದಲ್ಲಿ ನಿಂತು ಶಾಲೆಯಲ್ಲಿದ್ದ ಹೆಂಡತಿಗೆ ಫೋನ್ ಮಾಡಿದರು. ಫೋನಿನಲ್ಲಿ ಅವರು ಮಾತಾಡಿದರೆ ಫೋನ್ ಬೇಕಾಗಿರಲಿಲ್ಲ, ಅಷ್ಟು ಜೋರು.

“ಹೂಂ ಕಣೇ, ತಿಗಣೇನೇ! ಒಂದೆರಡಲ್ಲ, ಸಾವಿರ ಇರಬಹುದು. ಸಂದುಗೊಂದಿಲೆಲ್ಲ ತುಂಬಿಕೊಂಡಿವೆ… ಎಲ್ಲಿಂದ ಅಂದ್ರೆ? ನಮ್ಮ ಮೇಡಂ ಕಡೆಯಿಂದಾನೇ! ಅವರ ರೂಮಲ್ಲೇ ಹತ್ತಿಕೊಂಡಿರೋದು… ನಿಮ್ಮಮ್ಮನ ಮಂಚದ ಪಕ್ಕ ಬೇಡ ಅಂತ ಅವತ್ತೇ ಅನ್ನಿಸಿತ್ತು… ಹರಡದೆ ಇರುತ್ತಾ? ಒಂದಕ್ಕೊಂದು ತಾಗಿದರೆ ಸಾಕಂತೆ!”

ಮೆಟ್ಟಿಲ ಬುಡದಲ್ಲಿ ಇರುವುದು ಟೇಲರಮ್ಮನ ಮನೆ. ಮುಂದಿನ ಕೋಣೆಯೇ ಅಂಗಡಿ. ಆ ಹೊತ್ತಿಗೆ ಆಕೆ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದಳು. ಗಿರಾಕಿ ಬೇರೆ ಯಾರೂ ಅಲ್ಲ, ಮೇಡಂ ಅವರ ದಫೇದಾರನ ಹೆಂಡತಿ. ಇಬ್ಬರ ಮುಖವೂ ಟೇಪಿನ ಎರಡು ತುದಿಯಲ್ಲಿ ಒಟ್ಟಿಗೇ ಬಿಳಿಚಿಕೊಂಡಿತು.

“ನಮ್ಮ ಯಜಮಾನರು ದಿನಾ ಆ ರೂಮಲ್ಲೇ ನಿಂತಿರ್ತಾರಲ್ಲಮ್ಮಾ!” ಎಂದಳು ದಫೇದಾರನ ಹೆಂಡತಿ.

“ಇವರ ಮನೆ ನನ್ನ ನೆತ್ತಿಯ ಮೇಲೇ ಇದೆಯಲ್ಲಮ್ಮಾ!” ಎಂದಳು ಟೇಲರಮ್ಮ.

ಮಾರನೆಯ ದಿನ ಭಾನುವಾರ ಗುಮಾಸ್ತರು ಹಲ್ಲುಜ್ಜುತ್ತ ಬಾಲ್ಕನಿಗೆ ಬಂದರೆ ಇಡೀ ಕಟ್ಟಡದ ಹಾಸಿಗೆ, ದಿಂಬು, ಸೋಫಾದ ಮೆತ್ತೆ, ಯಾರದೋ ಮದುವೆಯ ಕೋಟು, ಎಲ್ಲವೂ ಬಿಸಿಲಿನಲ್ಲಿದ್ದವು. ಮೂರನೆಯ ಮಹಡಿಯ ಯಜಮಾನರು ಮಂಚವನ್ನೇ ಅಂಗಳಕ್ಕೆ ಇಳಿಸಿ ತಂದು ಅದರ ಕಾಲುಗಳಿಗೆ ಕುದಿಯುವ ನೀರು ಸುರಿಯುತ್ತಿದ್ದರು. “ನೋಡು, ಜನಕ್ಕೆ ಸ್ವಚ್ಛತೆಯ ತಿಳಿವಳಿಕೆ ಬಂತು” ಎಂದು ಗುಮಾಸ್ತರು ಹೆಂಡತಿಗೆ ಹೇಳಿ, ಕೆಳಕ್ಕೆ ಕೈಬೀಸಿದರು. ಮಂಚದ ಯಜಮಾನರು ಕೈಬೀಸಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು.

ಹನ್ನೊಂದು ಗಂಟೆಗೆ ಕಟ್ಟಡದ ಸೆಕ್ರೆಟರಿ ಬಂದರು. ಬಸ್ ಡಿಪೋ ಮ್ಯಾನೇಜರಾಗಿ ನಿವೃತ್ತರಾದ ಅವರಿಗೆ ಜಗತ್ತಿನ ಯಾವುದೇ ಸಮಸ್ಯೆಗೆ ಒಂದು ನೋಟೀಸು ಅಂಟಿಸಿದರೆ ಅರ್ಧ ಪರಿಹಾರವಾದಂತೆ. ಅವರು ಹೊಸ್ತಿಲಾಚೆ, ಕಾಲೊರೆಸುವ ಚಾಪೆಯನ್ನೂ ತುಳಿಯದೆ, ಟಾರ್ಚು ಹಿಡಿದು ನಿಂತರು.

“ವಿಷಯ ನಿಜಾನಾ?”

“ಯಾವುದು, ತಿಗಣೆಯಾ? ನಿಜ! ಬನ್ನಿ ಸಾರ್, ತೋರಿಸ್ತೀನಿ” ಎಂದರು ಗುಮಾಸ್ತರು ಉತ್ಸಾಹದಿಂದ. ಕೇಳುವವರು ಸಿಕ್ಕಿದ್ದೇ ಅವರಿಗೆ ಹಬ್ಬ.

“ಬೇಡ ಬೇಡ, ಇಲ್ಲಿಂದಲೇ ಹೇಳಿ. ನೋಡೋಕೆ ಹೇಗಿವೆ?”

“ಅದೇನಂದ್ರೆ, ಬೆಳ್ಳಗಿವೆ.”

“ಬಿಳೀ ತಿಗಣೆ!” ಸೆಕ್ರೆಟರಿಯ ಟಾರ್ಚು ತಾನಾಗಿ ಹೊತ್ತಿಕೊಂಡಿತು. “ನಾನು ಮೂವತ್ತು ವರ್ಷ ಬಸ್ಸಿನ ಸೀಟಲ್ಲಿ ಎಲ್ಲ ನಮೂನೆ ನೋಡಿದೀನಿ ಕಣ್ರೀ. ಬಿಳೀದು ನೋಡಿಲ್ಲ.”

“ಮೈಗೆ ಹಿಟ್ಟು ಬಳಕೊಂಡಿರ್ತವೆ ಸಾರ್. ಸುಮ್ಮನೆ ಒಂದು ಕಡೆ ಕೂತು ಹೀರ್ತವೆ. ಹೀರಿದ್ದು ಹೆಚ್ಚಾದ್ರೆ ಹಿಂದಿನಿಂದ ಸಿಹಿ ನೀರು ಬರುತ್ತೆ. ಅದನ್ನ ಕುಡಿಯೋಕೆ ಇರುವೆಗಳು ಬಂದು, ಹಸು ಕಾದ ಹಾಗೆ ಕಾಯ್ತವೆ!”

“ಇರುವೆ… ತಿಗಣೇನ… ಕಾಯುತ್ತಾ?”

“ಹೌದು ಸಾರ್! ಅತ್ತೆಯವರೂ ನಾನೂ ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಕೂತಿದೀವಿ. ಎಷ್ಟು ಚೆನ್ನಾಗಿದೆ ಅಂತೀರಿ!”

ಸೆಕ್ರೆಟರಿ ಇಳಿದು ಹೋದ ವೇಗಕ್ಕೆ ಅವರ ಒಂದು ಚಪ್ಪಲಿ ಎರಡನೆಯ ಮಹಡಿಯಲ್ಲೇ ಉಳಿಯಿತು. ಅದನ್ನು ಅವರು ವಾಪಸ್ ಕೇಳಲೂ ಇಲ್ಲ. ಸಂಜೆಯೊಳಗೆ ಮೆಟ್ಟಿಲ ಗೋಡೆಯ ಮೇಲೆ ನೋಟೀಸು ಬಿತ್ತು: ‘ಕಟ್ಟಡದಲ್ಲಿ ಹೊಸ ತಳಿಯ ತಿಗಣೆ ಕಾಣಿಸಿಕೊಂಡಿದ್ದು, ಮುನಿಸಿಪಾಲಿಟಿಗೆ ಅರ್ಜಿ ಕೊಡಲಾಗಿದೆ. ಅಲ್ಲಿಯವರೆಗೆ ನಿವಾಸಿಗಳು ಒಬ್ಬರ ಮನೆಯಲ್ಲಿ ಒಬ್ಬರು ಕೂರತಕ್ಕದ್ದಲ್ಲ.’ ಗುಮಾಸ್ತರು ಅದನ್ನು ಓದಿ, “ಯಾರ ಮನೇಲೋ ಪಾಪ” ಎಂದುಕೊಂಡು ಮೇಲೆ ಹೋದರು.

ಸೋಮವಾರ ಕಚೇರಿಯಲ್ಲಿ ಮೇಡಂ ಅವರ ಕುರ್ಚಿ, ಸೋಫಾ, ಪರದೆಗಳೆಲ್ಲ ಅಂಗಳಕ್ಕೆ ಬಂದಿದ್ದವು. ದಫೇದಾರನೇ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸೋಫಾಕ್ಕೆ ಕೋಲಿನಿಂದ ಬಡಿಯುತ್ತಿದ್ದ. ಮೇಡಂ ಇಲ್ಲದಾಗ ದೂಳು ಕೊಡವುತ್ತಿದ್ದಾರೆಂದು ತಿಳಿದ ಗುಮಾಸ್ತರು ಸೋಫಾದ ಇನ್ನೊಂದು ತುದಿ ಹಿಡಿದು ನೆರಳಿನಿಂದ ಬಿಸಿಲಿಗೆ ಎಳೆಯಲು ನೆರವಾದರು. ‘ಅಧಿಕಾರಿಗಳ ಕೊಠಡಿಯ ಪೀಠೋಪಕರಣಗಳನ್ನು ಬಿಸಿಲಿಗೆ ಹಾಕುವ ಬಗ್ಗೆ’ ಎಂಬ ಟಿಪ್ಪಣಿಯನ್ನು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟವರೂ ಅವರೇ. ಅಂದಿನಿಂದ ಸಹೋದ್ಯೋಗಿಗಳು ಅವರ ಮೇಜಿನಿಂದ ನಾಲ್ಕು ಮಾರು ದೂರ ಕುಳಿತರು. ತಮ್ಮ ಹಿರಿತನಕ್ಕೆ ಕಡೆಗೂ ಗೌರವ ಸಿಕ್ಕಿತೆಂದು ಗುಮಾಸ್ತರಿಗೆ ಒಳಗೊಳಗೇ ಸಂತೋಷ.

ಕಟ್ಟಡದವರು ಮುಖ ತಿರುಗಿಸುವುದನ್ನು ಹೆಂಡತಿಯೂ ಗಮನಿಸಿದರು. “ಬೇವಿನೆಣ್ಣೆ ವಾಸನೆ ಕಣ್ರೀ, ಯಾರು ತಡ್ಕೋತಾರೆ?” ಎಂದು ಕಾರಣವನ್ನೂ ತಾವೇ ಕಂಡುಕೊಂಡರು.

ಇತ್ತ ಅತ್ತೆಯ ಕೋಣೆ ವಾರ್ಡಾಯಿತು. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ರೌಂಡ್ಸು. ಹಳೆಯ ಚಿಮುಟ, ಹತ್ತಿ, ಸ್ಪಿರಿಟ್ ಬಾಟಲಿ ಹೊರಬಂದವು. ಅತ್ತೆ ಒಂದೊಂದೇ ಎಲೆಗೆ ಗುರುತು ಹಾಕಿ, ಎಷ್ಟು ಒರೆಸಿದೆ, ಎಷ್ಟು ಹೊಸದು ಬಂತು ಎಂದು ಬರೆದರು. ಒರೆಸಿದಷ್ಟೂ ಬಂದವು. ಎಲೆಗಳು ಹಳದಿಯಾಗಿ ಒಂದೊಂದೇ ಉದುರಿದವು. ಉದುರಿದ ಒಂದೊಂದು ಎಲೆಗೂ ಗುಮಾಸ್ತರಿಗೆ ಮೇಡಂ ಕನ್ನಡಕದ ಮೇಲಿಂದ ನೋಡಿದಂತಾಯಿತು.

ಬುಧವಾರ ಅವರು ಯಾರಿಗೂ ಹೇಳದೆ ನರ್ಸರಿಗೆ ಹೋಗಿ, ಅದೇ ಎತ್ತರದ, ಅಂಥದೇ ಕುಂಡದ ಇನ್ನೊಂದು ದಾಸವಾಳ ತಂದು ಬಚ್ಚಲುಮನೆಯ ಬಾಗಿಲ ಹಿಂದೆ ಬಚ್ಚಿಟ್ಟರು. ಬಚ್ಚಲಿಗೆ ಹೋದ ಅತ್ತೆ ಮರುಕ್ಷಣವೇ ಹೊರಗೆ ಬಂದರು.

“ಇದೇನು ಅಳಿಯಂದ್ರೇ?”

“ಅದೇನಂದ್ರೆ ಅತ್ತೆ, ಆ ಗಿಡ ಅಕಸ್ಮಾತ್ ಹೋಗಿಬಿಟ್ರೆ… ಮೇಡಂಗೆ ಇದನ್ನ… ನೋಡೋಕೆ ಎರಡೂ ಒಂದೇ ತರ ಇವೆ.”

“ಆಸ್ಪತ್ರೇಲಿ ಪೇಷೆಂಟ್ ಹೋದ್ರೆ ಪಕ್ಕದ ಹಾಸಿಗೆಯವನನ್ನ ಅವರ ಮನೆಗೆ ಕಳಿಸೋಕಾಗಲ್ಲ” ಎಂದರು ಅತ್ತೆ. ಆದರೆ ಹೊಸ ಗಿಡಕ್ಕೂ ಒಂದು ಚೊಂಬು ನೀರು ಹಾಕಿದರು. ಪೇಷೆಂಟ್ ಯಾರಾದರೇನು.

ಆಮೇಲೆ ಅತ್ತೆಗೆ ಇರುವೆಗಳ ನೆನಪಾಯಿತು. ಕಾವಲುಗಾರರನ್ನು ಓಡಿಸಿದರೆ ಏನಾಗುತ್ತದೆ ನೋಡೋಣ ಎಂದು ದೊಡ್ಡ ಬೋಗುಣಿಯಲ್ಲಿ ನೀರು ತುಂಬಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಕುಂಡ ಕೂರಿಸಿದರು. ಗಿಡದ ಮೇಲೆ ಉಳಿದಿದ್ದ ಇರುವೆಗಳನ್ನು ಇಬ್ಬರೂ ಕೂತು ಕುಂಚದಿಂದ ಇಳಿಸಿದರು. ನೀರು ದಾಟಿ ಹೊಸ ಇರುವೆ ಬರಲಿಲ್ಲ.

ಎರಡು ದಿನದ ಮೇಲೆ ಹೊಸದೊಂದು ಕಂಡಿತು. ಅದೇ ಬಿಳಿ, ಅದೇ ಹಿಟ್ಟು. ಆದರೆ ಗಾತ್ರ ಮೂರು ಪಟ್ಟು, ಮೈತುಂಬ ಜೂಲು, ಮತ್ತು ಸುಮ್ಮನೆ ಕೂರದೆ ಸರಸರನೆ ಓಡುತ್ತಿತ್ತು.

“ಇದು ಅಪ್ಪ ಇರಬೇಕು!” ಎಂದು ಗುಮಾಸ್ತರು ಕಿರುಚಿದರು. ಅಂಥವನ್ನು ಏಳು ಹಿಡಿದು, ಅಂಗಡಿಯವನಿಗೆ ತೋರಿಸಲೆಂದು ಬಾಟಲಿಗೆ ಹಾಕಿ, ದಾರಿಗೆ ಆಹಾರವಾಗಲೆಂದು ಸಣ್ಣ ತಿಗಣೆಗಳಿದ್ದ ಒಂದು ಎಲೆಯನ್ನೂ ಇಟ್ಟರು. ಎಲೆಯ ರಸ ಕುಡಿದುಕೊಂಡಿರಲಿ ಎಂಬುದು ಅವರ ಲೆಕ್ಕಾಚಾರ. ಬೆಳಿಗ್ಗೆ ನೋಡಿದರೆ ಎಲೆ ಇದ್ದ ಹಾಗೇ ಇತ್ತು. ಸಣ್ಣವು ಒಂದೂ ಇರಲಿಲ್ಲ.

“ಅತ್ತೇ, ಅನ್ಯಾಯ! ಹೆತ್ತವರೇ ಮಕ್ಕಳನ್ನ ತಿಂದುಬಿಟ್ಟಿದಾರೆ!”

ಅತ್ತೆ ಬಹಳ ಹೊತ್ತು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಮೂವತ್ನಾಲ್ಕು ವರ್ಷ ಹೆರಿಗೆ ವಾರ್ಡಲ್ಲಿ ಅಪ್ಪಂದಿರನ್ನ ನೋಡಿದೀನಿ. ಇದು ಅಪ್ಪನ ನಡಿಗೆ ಅಲ್ಲ. ಇವು ಬೇರೆ ಮನೆಯವು, ಇವರ ವೇಷ ಹಾಕ್ಕೊಂಡು ಒಳಗೆ ಬಂದಿವೆ.”

“ಈಗೇನು ಮಾಡೋದು?”

“ಎಡಗಡೆ ಕೊಂಬೆಗೆ ಏಳನ್ನೂ ಬಿಡಿ. ಬಲಗಡೆದಕ್ಕೆ ಬೇಡ, ಅಲ್ಲಿಗೆ ಹೋದ್ರೆ ಕುಂಚದಲ್ಲಿ ವಾಪಸ್ ತಂದುಬಿಡೋಣ. ಸ್ಪಿರಿಟ್ ನಿಲ್ಸಿ, ಬೇವಿನೆಣ್ಣೆ ನಿಲ್ಸಿ. ಏನಾಗುತ್ತೆ ನೋಡೋಣ.”

“ಗಿಡ ಸತ್ತರೆ?”

“ಒರೆಸ್ತಾ ಇದ್ರೂ ಸಾಯ್ತಾನೇ ಇದೆ. ನಿಮಗೆ ನೋಡ್ಬೇಕು ಅನ್ಸಲ್ವಾ?”

ನೋಡಬೇಕು ಅನ್ನಿಸಿತ್ತು. ಹೆದರಿಕೆ ಇದ್ದರೂ ಅನ್ನಿಸಿತ್ತು. ಮುಂದಿನ ಒಂದು ವಾರ ಅಳಿಯ–ಅತ್ತೆ ಸರದಿಯ ಮೇಲೆ ಸ್ಟೂಲಿನಲ್ಲಿ ಕುಳಿತರು. ಹೆಂಡತಿ ಲೈಬ್ರರಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲು “ಇವತ್ತು ಎಷ್ಟು ತಿಂತು?” ಎಂದು ಕೇಳತೊಡಗಿದರು. ಗುಮಾಸ್ತರು ಗಂಟೆಗಟ್ಟಲೆ ಯಾರಿಗೂ ಏನನ್ನೂ ವಿವರಿಸದೆ ಕೂತದ್ದು ಮದುವೆಯಾದಂದಿನಿಂದ ಇದೇ ಮೊದಲು. ಎಡಗೊಂಬೆ ದಿನೇ ದಿನೇ ಚೊಕ್ಕಟವಾಯಿತು. ಬಲಗೊಂಬೆ ಹಿಟ್ಟಿನ ಗಿರಣಿಯಂತಾಯಿತು.

ಮುನಿಸಿಪಾಲಿಟಿ ಅರ್ಜಿ ತಲುಪಿದ ಕೂಡಲೇ ಕೆಲಸಕ್ಕಿಳಿಯಿತು. ಅಂದರೆ ಎರಡು ವಾರದ ನಂತರ. ಭಾನುವಾರ ಬೆಳಿಗ್ಗೆ ಹೆಲ್ತ್ ಇನ್‌ಸ್ಪೆಕ್ಟರು, ಬೆನ್ನಿಗೆ ಔಷಧಿಯ ಪಂಪು ಕಟ್ಟಿಕೊಂಡ ಇಬ್ಬರೊಡನೆ ಮೆಟ್ಟಿಲೇರಿದರು. ಮುಂದೆ ಸೆಕ್ರೆಟರಿ, ಹಿಂದೆ ಇಡೀ ಕಟ್ಟಡ.

“ತಿಗಣೆ ಇರೋ ಮನೆ ಇದೇನಾ? ಎಲ್ಲ ಹೊರಗೆ ಬನ್ನಿ. ಒಳಗೆ ಪೂರ್ತಿ ಹೊಡೀಬೇಕು.”

“ಅದೇನಂದ್ರೆ ಸಾರ್, ಒಂದು ದಾಸವಾಳಕ್ಕೆ ಇಷ್ಟು ಜನ…” ಎಂದು ಗುಮಾಸ್ತರು ಕಕ್ಕಾಬಿಕ್ಕಿಯಾದರು.

“ಯಾವ ದಾಸವಾಳ?” ಎಂದರು ಸೆಕ್ರೆಟರಿ. “ಹಾಸಿಗೇರೀ! ನಿಮ್ಮ ಹಾಸಿಗೆ!”

“ಹಾಸಿಗೇಲಿ ಏನಿದೆ?”

 ಗುಂಪಿನ ಹಿಂದಿನಿಂದ ಟೇಲರಮ್ಮನ ದನಿ ಒಡೆದು ಬಂತು. “ಅಲ್ಲಾ, ಫೋನಲ್ಲಿ ನೀವೇ ತಾನೆ ಹೇಳಿದ್ದು, ಸಾವಿರ ಇವೆ ಅಂತ? ಎರಡು ವಾರದಿಂದ ಒಬ್ಬ ಗಿರಾಕಿ ಬಂದಿಲ್ಲ ನನ್ನ ಹತ್ರ. ಹೊಲಿಯೋಕೆ ಕೊಟ್ಟ ಬಟ್ಟೇನ ಚಿಮುಟದಲ್ಲಿ ಹಿಡಿದು ವಾಪಸ್ ತಗೊಂಡು ಹೋದ್ರು! ಮಿಷನ್ನಿಗೆ ಎಣ್ಣೆ ಹಾಕಿ ಹಾಕಿ ಸುಮ್ಮನೆ ಕೂತಿದೀನಿ.”

ಗುಮಾಸ್ತರಿಗೆ ಹಾಸಿಗೆಗಳು, ಮೂರನೆಯ ಮಹಡಿಯವರ ಕುದಿಯುವ ನೀರು, ನೋಟೀಸು, ನಾಲ್ಕು ಮಾರು ದೂರದ ಮೇಜುಗಳು, ತಾವೇ ಬಿಸಿಲಿಗೆ ಎಳೆದ ಮೇಡಂ ಅವರ ಸೋಫಾ ಎಲ್ಲವೂ ಸಾಲಾಗಿ ಕಣ್ಣ ಮುಂದೆ ಬಂದವು. ಬಾಯಿ ತೆರೆದರು. ಟೇಲರಮ್ಮನ ಮುಖ ನೋಡಿ ಮುಚ್ಚಿದರು. ಆ ಹೆಂಗಸು ಎರಡು ವಾರ ಮಿಷನ್ ಮುಂದೆ ಸುಮ್ಮನೆ ಕೂತದ್ದು ತನ್ನ ಗಂಟಲಿನಿಂದ ಎಂಬುದು ಅವರ ಎದೆಗೆ ನಾಟಿತು.

“ತಪ್ಪಾಯ್ತು ಕಣಮ್ಮಾ” ಎಂದರು. “ಅದು ಗಿಡದ ತಿಗಣೆ.”

“ಗಿಡದ್ದೋ, ಹಾಸಿಗೆದೋ, ಆರ್ಡರ್ ಆಗಿದೆ, ಹೊಡೀತೀವಿ” ಎಂದರು ಇನ್‌ಸ್ಪೆಕ್ಟರು. ಪಂಪಿನವನು ಕೊಳವೆ ಎತ್ತಿದ.

ಅತ್ತೆ ಕೋಣೆಯ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತರು. “ಇದು ವಾರ್ಡು. ಹೇಳದೆ ಕೇಳದೆ ಒಳಗೆ ಬರೋ ಹಾಗಿಲ್ಲ. ಏನನ್ನ ಕೊಲ್ಲೋಕೆ ಬಂದಿದೀಯಪ್ಪಾ? ಮೊದಲು ಅದನ್ನ ನೋಡು. ಆಮೇಲೆ ಕೊಲ್ಲು.”

ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡು, ಬೇಸರದಿಂದ ಭೂತಗನ್ನಡಿ ತೆಗೆದುಕೊಂಡು ಗಿಡದ ಮೇಲೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕಚೇರಿಯ ದನಿಯೇ ಅಲ್ಲದ ದನಿಯಲ್ಲಿ, “ಅಯ್ಯೋ, ಇವನ್ನ ನೋಡಿ ಎಷ್ಟು ವರ್ಷ ಆಯ್ತು!” ಎಂದರು. “ನಮ್ಮಪ್ಪಂದು ದ್ರಾಕ್ಷಿ ತೋಟ ಇತ್ತಮ್ಮಾ. ಹಿಟ್ಟು ತಿಗಣೆ ಬಿದ್ರೆ ಇವನ್ನ ಡಬ್ಬೀಲಿ ತರಿಸಿ ಬಿಡ್ತಿದ್ರು. ಗುಲಗಂಜಿ ಹುಳದ ಜಾತಿ, ಅದರ ಮರಿ ಇವು. ತಾಯಿ ಹಾರಿ ಬಂದು ಮೊಟ್ಟೆ ಇಡುತ್ತೆ, ಇರುವೆ ಕಾವಲಿದ್ರೆ ಮಾತ್ರ ಉಳಿಯೋಕೆ ಬಿಡಲ್ಲ. ತಿಗಣೆ ತರಾನೇ ಕಾಣ್ತವೆ, ತಿಗಣೇನೇ ತಿಂತವೆ. ಔಷಧಿ ಹೊಡೆದ್ರೆ ಮೊದಲು ಸಾಯೋದು ಇವೇ.” ಆಮೇಲೆ ತಲೆಯೆತ್ತದೆಯೇ ಪಂಪಿನವನಿಗೆ, “ಲೋ, ಅದನ್ನ ಕೆಳಗಿಡು. ಬಾ ಇಲ್ಲಿ, ನೋಡು!” ಎಂದರು.

ಪಂಪಿನವನು ನೋಡಿದ. ಮೂರನೆಯ ಮಹಡಿಯವರು ನೋಡಿದರು. ಸೆಕ್ರೆಟರಿ ತಮ್ಮ ಟಾರ್ಚನ್ನೇ ಹಿಡಿದು ಬೆಳಕು ಕೊಟ್ಟರು. ಮೆಟ್ಟಿಲ ಮೇಲೆ ಸಾಲು ಬೆಳೆಯಿತು.

ಆ ಸಾಲನ್ನು ಸೀಳಿಕೊಂಡು ಬಂದವರು ಮೇಡಂ.

ತಮ್ಮ ಸೋಫಾದ ಸಮಾಚಾರ ಅಕ್ಕನ ಊರಿನವರೆಗೆ ತಲುಪಿ, ರಜೆ ಎರಡು ದಿನ ಉಳಿದಿರುವಂತೆಯೇ ಹೊರಟು, ದಫೇದಾರನನ್ನೂ ಕರೆದುಕೊಂಡು ನೇರವಾಗಿ ಬಂದಿದ್ದರು. “ನನ್ನ ಕುರ್ಚಿಯಲ್ಲಿ ತಿಗಣೆ ಇದೆ ಅಂದವರು ಯಾರು?” ಎಂದು ಕೇಳಿದರು. ಮೆಲ್ಲಗೇ ಕೇಳಿದರು. ಅದಕ್ಕೇ ಎಲ್ಲರೂ ಗೋಡೆಗೆ ಒತ್ತಿಕೊಂಡರು.

ಇನ್‌ಸ್ಪೆಕ್ಟರೇ ಎದ್ದು ಎರಡು ಮಾತಿನಲ್ಲಿ ವಿಷಯ ಹೇಳಿ, ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟರು. ಮೇಡಂ ಸ್ಟೂಲಿನ ಮೇಲೆ ಕುಳಿತು ನೋಡಿದರು. ನೋಡುತ್ತಲೇ ಇದ್ದರು. ಅವರ ಹಿಂದೆ, ಬಚ್ಚಲಿನ ಬಾಗಿಲ ಸಂದಿನಿಂದ, ಹೊಸ ಗಿಡ ಹಸಿರಾಗಿ, ಒಂದೂ ಎಲೆ ಉದುರದೆ ಇಣುಕುತ್ತಿತ್ತು. ‘ಆ ಬೋಳಾಗಿರೋದು ನಮ್ಮ ಮನೆಯದು, ನಿಮ್ಮದು ಇಲ್ಲಿದೆ ಮೇಡಂ’ ಎಂದರೆ ಸಾಕಿತ್ತು. ಹೇಳುವ ಮಾತು ಗುಮಾಸ್ತರ ನಾಲಗೆಯ ತುದಿಗೂ ಬಂದಿತ್ತು. ಅತ್ತೆ ಅವರನ್ನೇ ನೋಡುತ್ತಿದ್ದರು.

“ಮೇಡಂ” ಎಂದರು ಗುಮಾಸ್ತರು. “ನಿಮ್ಮದು ಇದೇ, ಈ ಅರ್ಧ ಬೋಳಾಗಿರೋದು. ಬಚ್ಚಲಲ್ಲಿ ಇನ್ನೊಂದಿದೆ. ಇದು ಸತ್ತರೆ ಅದನ್ನ ನಿಮಗೆ ಕೊಟ್ಟು ಸುಮ್ಮನಿದ್ದುಬಿಡೋಣ ಅಂತ ತಂದೆ. ನನಗೆ ಗಿಡದ ವಿಷಯ ಏನೂ ಗೊತ್ತಿಲ್ಲ. ಇದುವರೆಗೆ ಒಂದನ್ನೂ ಉಳಿಸಿಲ್ಲ.”

ಮೇಡಂ ಬಚ್ಚಲ ಕಡೆ ತಿರುಗಿ ಆ ಗಿಡ ನೋಡಿದರು. ಆಮೇಲೆ ದಫೇದಾರನ ಕಡೆ ತಿರುಗಿದರು. “ಎಲ್ಲರಿಗೂ ಇದೇ ಉಪಾಯ ಹೊಳೆಯುತ್ತಲ್ಲಪ್ಪಾ?”

ದಫೇದಾರ ಕೈಮುಗಿದ. “ತಪ್ಪಾಯ್ತಮ್ಮಾ! ಮೂರು ವರ್ಷದ ಹಿಂದೆ ನೀವು ರಜೆ ಹಾಕಿದಾಗ… ನಾನು ಎರಡು ದಿನ ಮರೆತೆ… ಆಮೇಲೆ ನೀರು ಹಾಕಿದ್ರೂ ಏಳಲಿಲ್ಲ… ಅದೇ ಕುಂಡಕ್ಕೆ ಬೇರೆ ತಂದು…”

“ಗೊತ್ತು. ನಾನು ತಂದದ್ದು ಕೆಂಪು ಹೂ ಬಿಡ್ತಿತ್ತು. ವಾಪಸ್ ಬಂದ ವಾರಕ್ಕೆ ಹಳದಿ ಬಿಡ್ತು.”

“ಮತ್ತೆ ನೀವು ಒಂದು ಮಾತೂ ಕೇಳಲಿಲ್ವಲ್ಲಮ್ಮಾ?”

“ಮೊದಲಿನದನ್ನ ನೀನು ತಿರುಗಿಯೂ ನೋಡ್ತಿರಲಿಲ್ಲ. ಇದು ಬಂದಮೇಲೆ ದಿನಾ ಎರಡು ಸಲ ನೀನೇ ಎಲೆ ಒರೆಸ್ತಿದ್ದೆ. ಕೇಳಿ ಯಾಕೆ ಕೆಡಿಸಲಿ ಅನ್ನಿಸ್ತು” ಎಂದು ಮೇಡಂ ಎದ್ದರು. “ಕುಂಡ ಎತ್ಕೋ. ಹುಷಾರು, ಎಡಗಡೆ ಕೊಂಬೆ.”

“ಮೇಡಂ, ಬಲಗಡೆ ಇನ್ನೂ ತಿಗಣೆ ಇವೆ!” ಎಂದರು ಗುಮಾಸ್ತರು.

“ಇರಲಿ ಬಿಡಿ. ತಿನ್ನೋರೂ ಜೊತೇಲೇ ಇದಾರಲ್ಲ.” ಎರಡು ಮೆಟ್ಟಿಲು ಇಳಿದವರು ನಿಂತು ಅತ್ತೆಯತ್ತ ನೋಡಿದರು. “ಇದನ್ನ ದಿನಾ ಎಷ್ಟು ಗಂಟೆಗೆ ನೋಡ್ಬೇಕು?”

“ಏಳಕ್ಕೆ, ಐದಕ್ಕೆ” ಎಂದರು ಅತ್ತೆ. “ತಪ್ಪಿಸಬಾರದು.”

ಕೆಳಗೆ ಬಂದ ಮೇಡಂ ಟೇಲರಮ್ಮನ ಬಾಗಿಲ ಮುಂದೆ ನಿಂತರು. ಎಲ್ಲರೂ ನೋಡುತ್ತಿದ್ದಂತೆಯೇ ಒಳಗೆ ಹೋಗಿ, ಎರಡು ವಾರದಿಂದ ಯಾರೂ ಕೂರದ ಗಿರಾಕಿಗಳ ಮೆತ್ತೆಯ ಕುರ್ಚಿಯಲ್ಲಿ ಆರಾಮವಾಗಿ ಒರಗಿ ಕುಳಿತು, “ನಾಲ್ಕು ರವಿಕೆ ಹೊಲಿಯೋದಿದೆ, ಅಳತೆ ತಗೊಳ್ಳಮ್ಮಾ” ಎಂದರು. ಟೇಲರಮ್ಮ ಕಣ್ಣೊರೆಸಿಕೊಂಡು ಟೇಪು ಹುಡುಕಿದಳು; ಅದು ಅವಳ ಕೊರಳಿನಲ್ಲೇ ಇತ್ತು. ಹೊರಗೆ ದಫೇದಾರ ಕುಂಡವನ್ನು ಕೂಸಿನಂತೆ ಎದೆಗೊತ್ತಿಕೊಂಡ. ಅದರ ಎಡಗೊಂಬೆಯನ್ನು ಹೆಲ್ತ್ ಇನ್‌ಸ್ಪೆಕ್ಟರು ಹಿಡಿದುಕೊಂಡರು.

ಸೆಕ್ರೆಟರಿ ಗೋಡೆಯ ನೋಟೀಸನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಮನೆಗೆ ಹೋಗಿ ಒಂದು ಪ್ಯಾಂಟು ಮಡಚಿ ತಂದು, ಟೇಲರಮ್ಮನ ಬಾಗಿಲಲ್ಲಿ ಕೆಮ್ಮಿ, ಯಾರ ಮುಖವನ್ನೂ ನೋಡದೆ ಹೇಳಿದರು:

“ಸೊಂಟ ಒಂದಿಷ್ಟು ಬಿಚ್ಚಿ ಸಡಿಲ ಮಾಡ್ಬೇಕಿತ್ತು. ಅವಸರ ಏನಿಲ್ಲ, ಇಲ್ಲೇ ಕೂತಿರ್ತೀನಿ.”